ಕುಟ್ಟದೆ ಕೊಟ್ಟ ಬಳಚು

ನಾಗುವಿಗೆ ಹುಟ್ಟಿದಾಗಿನಿಂದ ಬಳಚಿನ ವಾಸನೆ ಹೇಸಿಗೆ ಅನ್ನಿಸಿದ್ದೇ ಇಲ್ಲ. ಕಾಳಿ ನದಿಯ ನೀರು ಇಳಿದ ಹೊತ್ತಿಗೆ ಸೊಂಟದ ತನಕ ಕೆಸರಿಗಿಳಿದು, ಕಾಲ್ಬೆರಳಿನಲ್ಲೇ ಬಳಚಿನ ಚಿಪ್ಪು ಹುಡುಕಿ ತೆಗೆದು ಮಾರುವವಳಿಗೆ ಹೇಸಿಗೆ ಎಲ್ಲಿಂದ ಬರಬೇಕು? ಆದರೆ ಆ ಗುರುವಾರ ಬೆಳಿಗ್ಗೆ ಕೋಡಿಬಾಗದ ಓಣಿಯಲ್ಲಿ ವಿನುತಾ ಮನೆಯ ಬಾಗಿಲು ತೆಗೆದದ್ದೇ ತಡ, ನಾಗು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ನಾನೂ ಈಗಷ್ಟೇ ಅಂಕೋಲೆಯಿಂದ ಬಂದೆ ನಾಗಕ್ಕಾ. ನಾಲ್ಕು ದಿನ ಅಮ್ಮನ ಮನೆಗೆ ಹೋಗಿದ್ದೆ. ಬಂದು ನೋಡಿದ್ರೆ ಹೀಗೆ," ಎಂದಳು ವಿನುತಾ. ಅವಳ ಕಣ್ಣಲ್ಲಿ ನೀರಿತ್ತು. ದುಃಖಕ್ಕೋ ವಾಸನೆಗೋ ಹೇಳುವ ಹಾಗಿರಲಿಲ್ಲ.

ನಾಗು ಬಂದದ್ದು ವ್ಯಾಪಾರಕ್ಕಲ್ಲ. ಎರಡು ದಿನದಿಂದ ಅವಳ ಬುಟ್ಟಿ ಹೋದ ಹಾಗೇ ವಾಪಸು ಬರುತ್ತಿತ್ತು. ಯಾಕೆಂದು ಕೇಳಿದರೆ ಹೆಂಗಸರು ಮುಖ ತಿರುಗಿಸುತ್ತಿದ್ದರು. ಕೊನೆಗೆ ಎದುರು ಮನೆಯ ಸಂಧ್ಯಾ ವಿಷಯ ಹೇಳಿದಳು. ವಿನುತಾಳ ಗಂಡ ರಾಜೇಶ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಬರೆದಿದ್ದನಂತೆ, ನಾಗು ಸತ್ತ ಬಳಚು ಕೊಟ್ಟು ಮೋಸ ಮಾಡಿದಳು, ಯಾರೂ ತಗೋಬೇಡಿ ಅಂತ. ಅದನ್ನು ಮತ್ತೆ ನಾಲ್ಕು ಗುಂಪಿಗೆ ಕಳಿಸಿದವಳು ಇದೇ ಸಂಧ್ಯಾ. ಆ ಮಾತನ್ನು ಮಾತ್ರ ಅವಳು ಹೇಳಲಿಲ್ಲ; ನಾಗುವಿಗೆ ಅದು ಪಕ್ಕದ ಓಣಿಯಲ್ಲಿ ತಿಳಿಯಿತು.

ಇಪ್ಪತ್ತೆರಡು ವರ್ಷದಿಂದ ನಾಗುವಿನ ಹೆಸರು ನಿಂತದ್ದು ಒಂದೇ ಸದ್ದಿನ ಮೇಲೆ. ಸತ್ತ ಬಳಚಿನ ಚಿಪ್ಪಿನೊಳಗೆ ಕೆಸರು ತುಂಬಿ, ಹೊರಗಿನಿಂದ ಜೀವಂತದ್ದರ ಹಾಗೆಯೇ ಕಾಣುತ್ತದೆ. ಅಂಥದೊಂದು ಪಾತ್ರೆಯಲ್ಲಿ ಬಾಯಿ ಬಿಟ್ಟರೆ ಮನೆಮಂದಿಯ ಸಾರೆಲ್ಲ ಚರಂಡಿಗೆ. ಅದಕ್ಕೇ ಅವಳು ಗಿರಾಕಿಯ ಎದುರಿಗೇ ಕೂತು ಒಂದೊಂದು ಚಿಪ್ಪನ್ನೂ ಇನ್ನೊಂದಕ್ಕೆ ಕುಟ್ಟಿ ಕೊಡುತ್ತಿದ್ದಳು. ಟಕ್ ಅಂದರೆ ಜೀವ ಇದೆ, ಬದ್ ಅಂದರೆ ಕೆಸರು. ಬದ್ ಅಂದದ್ದನ್ನು ಅಲ್ಲೇ ಎಸೆಯುವುದು. ಸಾಲದ್ದಕ್ಕೆ, ಎಸೆದಷ್ಟನ್ನು ಬುಟ್ಟಿಯಿಂದ ತುಂಬಿಕೊಡುವುದು.

ಕುಟ್ಟದೆ ಕೊಟ್ಟದ್ದು ಜೀವಮಾನದಲ್ಲಿ ಒಂದೇ ಸಲ. ಅದು ಇದೇ ಮನೆಗೆ, ಒಂಬತ್ತು ದಿನದ ಹಿಂದೆ.

ಅವತ್ತು ರಾಜೇಶನೇ ಬಾಗಿಲಿಗೆ ಬಂದಿದ್ದ. ಕೈಗಾದಲ್ಲಿ ನೌಕರಿ, ಮೈತುಂಬ ಸೆಂಟಿನ ಪರಿಮಳ. ಹಜಾರದಲ್ಲಿ ಎರಡಡಿಯ ಗಾಜಿನ ಪೆಟ್ಟಿಗೆ ಇಟ್ಟು ಸಮುದ್ರದ ನೀರು ತುಂಬಿಸಿದ್ದ. ಅದರ ಮೇಲೆ ಗೋವಾದಿಂದ ತಂದ ದೀಪ ತೂಗುಬಿಟ್ಟಿದ್ದ. ನೀಲಿ ಬಿಳಿ ಬೆಳಕು, ಮದುವೆ ಮಂಟಪಕ್ಕೂ ಅಷ್ಟು ಹಾಕುವುದಿಲ್ಲ. ನಲವತ್ತು ಬಳಚು ಬೇಕು, ಸಾಕಲಿಕ್ಕೆ ಅಂದ.

"ಸಾಕುದು?" ನಾಗು ಬಾಯಿ ತೆರೆದು ನೋಡಿದ್ದಳು. "ಬಳಚಿಗೆ ಎಂತ ಹಾಕ್ತ್ರಿ ತಿನ್ನೂಕೆ?"

"ಬೆಳಕೇ ಅದರ ಊಟ. ವಿಡಿಯೋದಲ್ಲಿ ತೋರಿಸಿದ್ದಾರೆ. ದಿನಕ್ಕೆ ಹತ್ತು ತಾಸು ಜೋರು ಬೆಳಕು ಬಿದ್ದರೆ ಬಾಯಿ ಬಿಟ್ಟು, ತುಟಿ ನೀಲಿ ಆಗಿ ನವಿಲಿನ ಹಾಗೆ ಕಾಣ್ತದೆ."

ನಾಗು ರೂಢಿಯಂತೆ ಎರಡು ಚಿಪ್ಪು ಕೈಗೆತ್ತಿಕೊಂಡಾಗ ಅವನು ಗಾಬರಿಯಾಗಿ ಕೈ ಅಡ್ಡ ಹಿಡಿದ. "ಕುಟ್ಟಬೇಡ! ಅವಕ್ಕೆ ಸ್ಟ್ರೆಸ್ ಆಗ್ತದೆ."

ಓದಿದವನು, ಏನೋ ತಿಳಿದೇ ಹೇಳುತ್ತಾನೆ ಅಂದುಕೊಂಡು ನಾಗು ಹಾಗೇ ಎಣಿಸಿ ಕೊಟ್ಟಿದ್ದಳು. ಈಗ ಆ ಪೆಟ್ಟಿಗೆಯ ಎದುರು ನಿಂತಾಗ ಅವಳೊಳಗೆ ಚುಚ್ಚುತ್ತಿದ್ದದ್ದು ಅದೇ. ಒಂದು ವೇಳೆ ನಿಜವಾಗಿಯೂ ಸತ್ತದ್ದು ಕೊಟ್ಟಿದ್ದರೆ? ನಾಲ್ಕು ಕೆಸರು ಚಿಪ್ಪು ಹೋಗಿದ್ದರೆ? ಕುಟ್ಟಲಿಲ್ಲವಲ್ಲ, ಎದೆ ತಟ್ಟಿ ಹೇಳುವುದು ಹೇಗೆ?

ಪೆಟ್ಟಿಗೆಯೊಳಗೆ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗಿತ್ತು. ಗಾಜಿನ ತುಂಬ ಹಸಿರು ಲೋಳೆ. ದೀಪ ಇನ್ನೂ ಉರಿಯುತ್ತಲೇ ಇತ್ತು, ಆ ಬೆಳಕಿನಲ್ಲಿ ಕೊಳೆತ ಮಾಂಸದ ಎಳೆಗಳು ತೇಲುವುದು ಚೆನ್ನಾಗಿ ಕಾಣುತ್ತಿತ್ತು. ಬಳಚೆಲ್ಲ ಕಲ್ಲಿನ ಮೇಲೆ ಸಾಲಾಗಿ ಕೂತು ಬಾಯಿ ಬಿಟ್ಟಿದ್ದವು. ಥೂ, ಇದನ್ನು ಮನೆಯೊಳಗೆ ಇಟ್ಟುಕೊಂಡು ಮನುಷ್ಯ ಊಟ ಮಾಡಿದ್ದಾದರೂ ಹೇಗೆ!

"ಕಲ್ಲಿನ ಮೇಲೆ ಯಾರು ಕೂರ್ಸಿದ್ದು?" ಎಂದಳು ನಾಗು. "ಮರಳಿನೊಳಗೆ ಇರೂ ಜಾತಿ ಇದು."

"ಮೊದಲು ಮರಳು ಹಾಕಿದ್ರು," ಎಂದಳು ವಿನುತಾ. "ಇವು ಒಳಗೆ ಹೋಗಿ ಕೂತ್ಕೊಳ್ತಿದ್ವು. ಬೆಳಕು ಸಿಗೂದಿಲ್ಲ ಹೇಳಿ ಇವರು ದಿನಾ ಅಗೆದು ಮೇಲೆ ತೆಗೀತಿದ್ರು. ಮತ್ತೆ ಹೋಗೂದು, ಮತ್ತೆ ತೆಗೆಯೂದು. ಕಡೆಗೆ ಮರಳೇ ತೆಗೆದು ಬಿಟ್ರು."

ನಾಗುವಿಗೆ ಮೈಯೆಲ್ಲ ಉರಿದು ಹೋಯಿತು. ಗೇಣುದ್ದ ಕೆಸರಿನ ಕೆಳಗೆ ಕತ್ತಲೆಯಲ್ಲಿ ಕೂತು, ಎರಡು ಸಣ್ಣ ಸೊಂಡಿಲು ಮೇಲೆ ಹಾಕಿ, ನೀರು ಸೋಸಿ ತಿನ್ನುವ ಪ್ರಾಣಿ. ಅದನ್ನು ದಿನಾ ಅಗೆದು ದೀಪದ ಬಾಯಿಗೆ ಕೊಡುವುದೆಂದರೆ! ತಿನ್ನುವುದಕ್ಕೆ ಕೊಲ್ಲುವುದು ಅವಳಿಗೆ ಗೊತ್ತು, ಅದರಲ್ಲಿ ನಾಚಿಕೆ ಇಲ್ಲ. ಇದು ಯಾವ ಸೀಮೆಯ ಪ್ರೀತಿ?

"ದೀಪ ಆರ್ಸಿ ಅಮಾ. ಹಳೇ ಪೇಪರು ಕೊಡಿ. ಸಂಧ್ಯಾಬಾಯಿಯನ್ನೂ ಕರೀರಿ."

ಅಂಗಳದಲ್ಲಿ ಹಳೆಯ ಪೇಪರು ಹಾಸಿದರು. ನಾಗು ಮೊಣಕೈ ತನಕ ಆ ನೀರಿಗೆ ಕೈ ಹಾಕಿದಳು. ಬೆಚ್ಚಗಿತ್ತು, ಅದೇ ಎಲ್ಲಕ್ಕಿಂತ ಅಸಹ್ಯ. ಒಂದೊಂದೇ ಚಿಪ್ಪು ತಂದು ಪೇಪರಿನ ಮೇಲೆ ಬಿಡಿಸಿ ಇಟ್ಟಳು. ಸಂಧ್ಯಾ ಗೇಟಿನ ಹತ್ತಿರವೇ ಕರ್ಚೀಫು ಹಿಡಿದು ನಿಂತಳು.

"ಇಲ್ಲೇ ಬರ್ರಿ. ದೂರ ನಿಂತ್ರೆ ಕಾಣೂದಿಲ್ಲ," ಎಂದಳು ನಾಗು. "ಗುಂಪಿನಲ್ಲಿ ಹಾಕೂಕೆ ಬೇಕಲ್ಲ ನಿಮಗೆ."

ಒಂದು, ಎರಡು, ಹತ್ತು. ಬಿಡಿಸಿದ ಪ್ರತಿ ಚಿಪ್ಪಿನಲ್ಲೂ ಕೀವಿನ ಹಾಗೆ ಜಾರುವ ಮಾಂಸ. ಕೆಸರು ಒಂದರಲ್ಲೂ ಇಲ್ಲ, ಅಂದರೆ ಕೊಟ್ಟಾಗ ಎಲ್ಲಕ್ಕೂ ಜೀವವಿತ್ತು. ಇಪ್ಪತ್ತಕ್ಕೆ ಬರುವಾಗ ವಿನುತಾ ಮೊಬೈಲು ಹಿಡಿದು ಮೆಟ್ಟಿಲ ಮೇಲೆ ಕೂತಳು, ಗಂಡ ನೋಡಿದ್ದ ವಿಡಿಯೋ ಹುಡುಕುತ್ತ. ನಾಗುವಿನ ಎದೆ ಮಾತ್ರ ಒಂದೊಂದು ಚಿಪ್ಪಿಗೂ ಹಗುರಾಗುತ್ತಿತ್ತು. ಮೂವತ್ತೇಳಾಯಿತು. ಉಳಿದ ಮೂರು ಕಾಣಲಿಲ್ಲ.

ಪೆಟ್ಟಿಗೆಯ ಹಿಂದಿನ ಮೂಲೆಯಲ್ಲಿ, ಪಂಪಿನ ಕೆಳಗೆ, ತೆಗೆಯಲು ಮರೆತ ಒಂದು ಮುಷ್ಟಿ ಮರಳು ಉಳಿದಿತ್ತು. ಬೆಳಕು ಬೀಳದ ಜಾಗ. ನಾಗು ಬೆರಳು ಆಡಿಸಿದಳು. ಏನೋ ಗಟ್ಟಿಯಾಗಿ ತಾಗಿ, ಫಕ್ಕನೆ ಮುಚ್ಚಿಕೊಂಡು ಬೆರಳ ತುದಿಯನ್ನು ಕಚ್ಚಿತು. ಅವಳಿಗೆ ಅಳುವೇ ಬಂತು. ಮೂರೂ ಅಲ್ಲಿದ್ದವು, ಮೂರೂ ಜೀವಂತ.

ಇಷ್ಟು ಹೊತ್ತು ಒಳಕೋಣೆಯಲ್ಲಿದ್ದ ರಾಜೇಶ ಮಧ್ಯಾಹ್ನದ ಪಾಳಿಯ ಬಸ್ಸಿಗೆ ಹೊರಟು, ಸೆಂಟು ಹಾಕಿಕೊಂಡು ಹೊರಬಂದ. ಅವಳ ಕೈ ನೋಡಿ ಮುಖ ಅರಳಿಸಿದ. "ನೋಡಿದ್ಯಾ! ಬೆಳಕು ಹಿಡಿದದ್ದು ಈ ಮೂರಕ್ಕೆ. ಇವನ್ನು ಮತ್ತೆ ಕಲ್ಲಿನ ಮೇಲೆ ಇಡು."

ನಾಗು ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಆ ಕೊಳೆತ ನೀರಿಗಿಂತ ಈ ಸೆಂಟೇ ಹೇಸಿಗೆ ಅನ್ನಿಸಿತು.

ಮಾತಾಡಿದವಳು ವಿನುತಾ. ಇಷ್ಟು ಹೊತ್ತು ಮೆಟ್ಟಿಲ ಮೇಲೆ ಕೂತು ಅದೇ ವಿಡಿಯೋ ನೋಡುತ್ತಿದ್ದಳು. "ಬೆಳಕು ಬೇಕಾದದ್ದು ಹವಳದ ಸಮುದ್ರದ ದೊಡ್ಡ ಚಿಪ್ಪಿಗೆ. ಅದರ ಮೈಯೊಳಗೆ ಪಾಚಿ ಇರ್ತದಂತೆ, ಬೆಳಕಿನಲ್ಲಿ ಅದೇ ಊಟ ತಯಾರು ಮಾಡಿ ಕೊಡ್ತದಂತೆ. ಹೊಳೆಯ ಬಳಚಿನ ಸುದ್ದಿಯೇ ಇದರಲ್ಲಿಲ್ಲ. ಶುರುವಿಗೇ ಹೇಳ್ತಾರಲ್ರೀ, ಪೂರ್ತಿ ಕೇಳ್ಲಿಲ್ವಾ ನೀವು?" ಅವನ ಉತ್ತರಕ್ಕೆ ಕಾಯದೆ ಅವಳು ಗುಂಪಿನಲ್ಲಿ ಬರೆದಳು. ಬರೆದದ್ದನ್ನು ಜೋರಾಗಿ ಓದಿದಳು: "ನಾಗಕ್ಕ ಕೊಟ್ಟ ನಲವತ್ತೂ ಜೀವಂತ ಇತ್ತು. ಕೊಂದದ್ದು ನಾವು."

"ನಮ್ಮ ಮರ್ಯಾದೆ ತೆಗೀಬೇಡ ಮಾರಾಯ್ತಿ," ಎಂದ ರಾಜೇಶ. ಆಮೇಲೆ ನಾಗುವಿನ ಕಡೆ ತಿರುಗಿ ದನಿ ಇಳಿಸಿದ. "ಬರುವ ವಾರ ಮತ್ತೆ ನಲವತ್ತು ತಾ. ಬೆಳಕು ಸ್ವಲ್ಪ ಕಮ್ಮಿ ಮಾಡಿ ನೋಡ್ತೇನೆ."

ನಾಗು ಜೀವಂತ ಚಿಪ್ಪು ಎರಡನ್ನು ಎತ್ತಿಕೊಂಡು ಅವನ ಮುಖದ ಎದುರೇ ಕುಟ್ಟಿದಳು. ಟಕ್. ಮೂರನೆಯದನ್ನೂ ಕುಟ್ಟಿದಳು. ಟಕ್.

"ಕೇಳ್ತಾ? ಇದನ್ನ ಅವತ್ತೇ ಕೇಳಿದ್ರೆ ನನ್ನ ಹೆಸರು ಕೊಳೀತಿರ್ಲಿಲ್ಲ. ಇನ್ನು ಈ ಮನೆಗೆ ಕುಟ್ಟಿಯೂ ಕೊಡೂದಿಲ್ಲ, ಕುಟ್ಟದೆಯೂ ಕೊಡೂದಿಲ್ಲ."

ಮೂರನ್ನೂ ಒದ್ದೆ ಬಟ್ಟೆಯಲ್ಲಿ ಕಟ್ಟಿಕೊಂಡು ಅವಳು ಹೊರಟಳು. ಸಂಧ್ಯಾ ಗೇಟಿನ ಹತ್ತಿರ ದಾರಿ ಬಿಡುತ್ತ, ಏನೂ ಆಗದವಳ ಹಾಗೆ ನಕ್ಕಳು. "ನಾಳೆ ನಮ್ಮನೆಗೆ ಬತ್ತೆ ಅಲ್ದಾ ನಾಗು? ಬಳಚು ತಿನ್ನದೆ ನಾಲಗೆ ಕೆಟ್ಟು ಹೋಗಿದೆ."

ನಾಗು ನಿಂತಳು. ಮೊಣಕೈ ತನಕ ಲೋಳೆ ಒಣಗಿದ ತನ್ನ ಬಲಗೈಯನ್ನು ಮೆಲ್ಲಗೆ ಎತ್ತಿ ಸಂಧ್ಯಾಳ ಮೂಗಿನ ಹತ್ತಿರ ಹಿಡಿದಳು, ಅವಳು ಕರ್ಚೀಫು ಹುಡುಕುವ ಮೊದಲೇ.

"ಈ ವಾಸನೆ ಹೋಗ್ಲಿ," ಎಂದಳು. "ಹೋದ ಮೇಲೆ ಬತ್ತೆ."