ಕೆಂಪು ಬಟ್ಟೆ ಕಟ್ಟಿದ ಹ್ಯಾಂಡ್‌ಬ್ರೇಕ್

ಮೇಸ್ತ್ರಿಯ ಗ್ಯಾರೇಜಿನಲ್ಲಿ ಕೆಂಪು ಬಟ್ಟೆಗೆ ಇದ್ದ ಮರ್ಯಾದೆ ಮೇಸ್ತ್ರಿಗೇ ಇರಲಿಲ್ಲ. ಗಾಡಿಯಲ್ಲಿ ಯಾವುದೇ ಭಾಗ ಕೆಟ್ಟಿರಲಿ, ಬಿಚ್ಚಿಟ್ಟಿರಲಿ, ಅರ್ಧಕ್ಕೆ ನಿಂತಿರಲಿ, ಅದಕ್ಕೊಂದು ಕೆಂಪು ಚಿಂದಿ ಬಿಗಿದೇ ಬಿಗಿಯುತ್ತಿದ್ದ. ಕಟ್ಟಿದ್ದನ್ನು ನಂಬಬೇಡ ಎಂದು ಅದರ ಅರ್ಥ. ಇಪ್ಪತ್ತೆರಡು ವರ್ಷದಿಂದ ಇದೇ ಕಾನೂನು. ಓದು ಬರಹ ಬಾರದವನಿಗೂ ತಿಳಿಯುತ್ತದೆ ಎಂದು ಹೇಳಿಕೊಂಡು ಬೀಗುತ್ತಿದ್ದ. ಗ್ಯಾರೇಜಿನ ಹೊರಗೆ ಈ ಕಾನೂನು ಯಾರಿಗೂ ಗೊತ್ತಿಲ್ಲ ಎನ್ನುವುದು ಮಾತ್ರ ಆ ಮಹಾಶಯನಿಗೆ ಯಾವತ್ತೂ ಹೊಳೆದಿರಲಿಲ್ಲ.

ಭಾವನ ಜೀಪು ಒಳಗೆ ಬಂದದ್ದು ಒಂದು ಗುರುವಾರ ಬೆಳಿಗ್ಗೆ. ಭಾವ ಎಂದರೆ ಅಕ್ಕನ ಗಂಡ. ಗುಡ್ಡದ ನೆತ್ತಿಯ ಮೇಲಿರುವ ಫೋನ್ ಟವರಿಗೆ ಡೀಸೆಲ್ ಸಾಗಿಸುವುದು ಅವನ ಕೆಲಸ. ಆ ದಾರಿಯನ್ನು ದಾರಿ ಎಂದು ಕರೆಯಬೇಕಾದರೆ ದೊಡ್ಡ ಮನಸ್ಸು ಬೇಕು. ಎರಡು ಕಡೆ ಹಳ್ಳಕ್ಕೆ ಇಳಿದು ಹತ್ತಬೇಕು. ಇಳಿದಾಗಲೆಲ್ಲ ಹಿಂದಿನ ಚಕ್ರಗಳ ಬ್ರೇಕ್ ಡ್ರಮ್ಮಿನೊಳಗೆ ಕೆಸರು ನೀರು ತುಂಬಿಕೊಂಡು, ಆಮೇಲಿನ ಇಳಿಜಾರಿನಲ್ಲಿ ಬ್ರೇಕುಗಳು ಸರಿಯಾದ ಸಮಯ ನೋಡಿ ಕೈ ಕೊಡುತ್ತಿದ್ದವು.

"ಡ್ರಮ್ ಕಿತ್ತು ಬಿಸಾಕು. ಹಿಂದಿನ ಆಕ್ಸಲ್ಲಿಗೂ ಡಿಸ್ಕ್ ಹಾಕ್ಬಿಡು. ಸಾಮಾನು ನಾನೇ ತಂದಿದ್ದೀನಿ" ಎಂದು ಭಾವ ಪೆಟ್ಟಿಗೆಯೊಂದನ್ನು ಮೇಜಿನ ಮೇಲೆ ಇಟ್ಟ.

ಮೇಸ್ತ್ರಿ ಡಿಸ್ಕನ್ನು ಕಚ್ಚಿ ಹಿಡಿಯುವ ಕ್ಯಾಲಿಪರನ್ನು ತೆಗೆದು, ಅಂಗೈಯಲ್ಲಿ ತಿರುಗಿಸಿ ನೋಡಿ, ಮತ್ತೆ ಪೆಟ್ಟಿಗೆಯೊಳಗೇ ಇಟ್ಟ. "ಇದಕ್ಕೆ ಹ್ಯಾಂಡ್‌ಬ್ರೇಕ್ ಕೇಬಲ್ ಸಿಗಿಸೋ ಜಾಗಾನೇ ಇಲ್ವಲ್ಲ ಭಾವ. ಡ್ರಮ್ ತೆಗೆದ್ರೆ ಹ್ಯಾಂಡ್‌ಬ್ರೇಕೂ ಅದರ ಜೊತೇಲೇ ಹೋಗುತ್ತೆ. ಕೇಬಲ್ ಹಾಕೋ ಥರದ್ದು ಬೇರೆ ಬರುತ್ತೆ, ಹದಿನೈದು ದಿನ ಕಾಯಿರಿ."

"ಹದಿನೈದು ದಿನ ಟವರ್ ಏನು ಉಪವಾಸ ಕೂರುತ್ತಾ? ಹ್ಯಾಂಡ್‌ಬ್ರೇಕ್ ಇಟ್ಕೊಂಡು ಉಪ್ಪಿನಕಾಯಿ ಹಾಕ್ಲಾ? ಗೇರಲ್ಲಿ ನಿಲ್ಲಿಸ್ತೀನಿ, ಚಕ್ರಕ್ಕೊಂದು ಕಲ್ಲು ಕೊಡ್ತೀನಿ. ಮಾಡಯ್ಯ ಸುಮ್ನೆ."

ಮೇಸ್ತ್ರಿಗೆ ಮನಸ್ಸಿರಲಿಲ್ಲ. ಆದರೆ ಭಾವನ ಎದುರು ಅವನ ದನಿ ಯಾವಾಗಲೂ ಒಂದು ಮೆಟ್ಟಿಲು ಕೆಳಗೇ ಇರುತ್ತಿತ್ತು. ಡ್ರಮ್ಮು ಬಿಚ್ಚಿದ. ಒಳಗೆ ಒಣಗಿ ಹೆಪ್ಪುಗಟ್ಟಿದ ಕೆಸರು ಚಕ್ಕೆ ಚಕ್ಕೆಯಾಗಿ ಉದುರಿತು. ಸವೆದ ಬ್ರೇಕ್ ಶೂಗಳನ್ನು ತೆಗೆದು, ಆಕ್ಸಲ್ಲಿನ ಎರಡೂ ತುದಿಗೆ ಬ್ರಾಕೆಟ್ ಬಿಗಿದು, ಡಿಸ್ಕ್ ಕೂರಿಸಿ, ಹೊಸ ಪೈಪು ಎಳೆದ. ಭಾವ ಸೀಟಿನಲ್ಲಿ ಕೂತು ಪೆಡಲು ತುಳಿಯುತ್ತಿದ್ದರೆ ಇವನು ಕೆಳಗೆ ಮಲಗಿ ಪೈಪಿನೊಳಗಿನ ಗಾಳಿ ತೆಗೆದ. ಸಂಜೆಯ ಹೊತ್ತಿಗೆ ಜೀಪು ತುಳಿದಲ್ಲೇ ಕಚ್ಚಿ ನಿಲ್ಲುತ್ತಿತ್ತು. ಕೆಲಸ ಚೆನ್ನಾಗಿ ಬಂದಾಗ ಬರುವ ಖುಷಿಯಲ್ಲಿ ಬೆಳಗಿನ ಅಳುಕು ಅವನಿಗೆ ಅರ್ಧ ಮರೆತೇ ಹೋಯಿತು.

ಉಳಿದದ್ದು ಕೇಬಲ್. ಚಕ್ರದ ಕಡೆಯಿಂದ ಬಿಚ್ಚಿದ ತುದಿ ಜೋತಾಡುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಕತ್ತರಿಸಿ ಎಸೆಯುತ್ತಿದ್ದರು. ಇವನಿಗೆ ಅಚ್ಚುಕಟ್ಟಿನ ಹುಚ್ಚು. ಹದಿನೈದು ದಿನ ಬಿಟ್ಟು ಹೇಗೂ ಬೇಕಾಗುತ್ತದೆ, ಅಲ್ಲಿಯವರೆಗೆ ಗಡಗಡ ಸದ್ದು ಮಾಡಬಾರದು ಎಂದು ಅದಕ್ಕೊಂದು ಬಿರುಸಾದ ಸ್ಪ್ರಿಂಗ್ ಕೊಟ್ಟು ಚಾಸಿಗೆ ಬಿಗಿದ. ಒಳಗೆ ಬಂದು ಲಿವರ್ ಎಳೆದು ನೋಡಿದ. ಟಿಕ್, ಟಿಕ್, ಟಿಕ್, ಟಿಕ್, ಟಿಕ್. ಮೊದಲಿನ ಹಾಗೆಯೇ ಬಿಗಿ, ಮೊದಲಿನ ಹಾಗೆಯೇ ಸದ್ದು. ಎಳೆದ ಕೈಗೆ ಅದು ಸತ್ತ ಲಿವರ್ ಎಂದು ಗೊತ್ತಾಗುವ ಸಾಧ್ಯತೆಯೇ ಇರಲಿಲ್ಲ. ಮೇಸ್ತ್ರಿಗೆ ಒಂದು ಕ್ಷಣ ಏನೋ ಇರುಸುಮುರುಸಾಯಿತು. ಲಿವರ್‌ಗೆ ಕೆಂಪು ಬಟ್ಟೆ ಕಟ್ಟಿ ಸಮಾಧಾನ ಮಾಡಿಕೊಂಡ.

"ಅಕ್ಕಂಗೆ ಹೇಳ್ಬಿಡಿ ಭಾವ, ಮರೀಬೇಡಿ. ಅವಳೂ ಓಡಿಸ್ತಾಳೆ."

"ಹೂಂ ಹೂಂ" ಎಂದ ಭಾವ, ಆಗಲೇ ಗಾಡಿ ಹಿಂದಕ್ಕೆ ತೆಗೆಯುತ್ತ.

ಮೇಸ್ತ್ರಿ ತಾನೇ ಅಕ್ಕನಿಗೆ ಒಂದು ಫೋನು ಮಾಡಬಹುದಿತ್ತು. ಮಾಡಲಿಲ್ಲ. ಹ್ಯಾಂಡ್‌ಬ್ರೇಕ್ ಇಲ್ಲದ ಗಾಡಿಯನ್ನು ಯಾಕೋ ಹೊರಗೆ ಬಿಟ್ಟೆ ಎಂದು ಅವಳು ಕೇಳಿಯೇ ಕೇಳುತ್ತಿದ್ದಳು. ತಮ್ಮನ ಕೆಲಸವೆಂದರೆ ಕಣ್ಣು ಮುಚ್ಚಿ ನಂಬುವವಳ ಮುಂದೆ ಸಣ್ಣವನಾಗುವುದು ಬೇಡವಾಗಿತ್ತು. ಹೇಳುವ ಭಾರವನ್ನು ಭಾವನ ಹೆಗಲ ಮೇಲೆ ಹಾಕಿ ಸುಮ್ಮನಾದ.

ಮೂರು ದಿನ ಭಾವ ಗುಡ್ಡ ಹತ್ತಿ ಇಳಿದ. ಹಳ್ಳ ದಾಟಿದ ಮೇಲೂ ಬ್ರೇಕು ಬೆಣ್ಣೆಯ ಹಾಗೆ ಹಿಡಿಯುತ್ತದೆ ಎಂದು ಕಂಡವರಿಗೆಲ್ಲ ಹೇಳಿದ. ಸೋಮವಾರ ಮಧ್ಯಾಹ್ನ ಸ್ಕೂಟರಿನಲ್ಲಿ ಊಟದ ಡಬ್ಬಿ ತಂದ. ಅಕ್ಕ ದಿನವೂ ತಮ್ಮನಿಗೆ ಕಳಿಸುವ ಡಬ್ಬಿ. ಮೇಸ್ತ್ರಿ ಕೈ ತೊಳೆದು ಚೀಲದೊಳಗೆ ಕೈ ಹಾಕಿದ. ಡಬ್ಬಿಯ ಕೆಳಗೆ ಏನೋ ಮೆತ್ತಗೆ ಸಿಕ್ಕಿತು.

ಕೆಂಪು ಬಟ್ಟೆ. ಒಗೆದು, ಇಸ್ತ್ರಿ ಮಾಡಿ, ನಾಲ್ಕು ಮಡಿಕೆ ಮಾಡಿದ್ದರು.

"ನಿನ್ನ ಕೈ ಒರೆಸೋ ಬಟ್ಟೆಯಂತೆ, ಗಾಡೀಲೇ ಮರೆತಿದ್ಯಂತೆ" ಎಂದ ಭಾವ. "ಬೆಳಿಗ್ಗೆ ನಿಮ್ಮಕ್ಕ ಗಾಡಿಯೆಲ್ಲ ತೊಳೆದ್ಲು."

ಮೇಸ್ತ್ರಿ ಬಟ್ಟೆಯನ್ನು ಹಾಗೆಯೇ ಜೇಬಿಗೆ ಇಟ್ಟುಕೊಂಡು ಹೊರಗೆ ನೋಡಿದ. "ಗಾಡಿ ಎಲ್ಲಿ?"

"ಅವಳೇ ತಗೊಂಡು ಹೋದ್ಲು. ನಿಮ್ಮಮ್ಮನ ಮಂಡಿ ತೋರಿಸಬೇಕಿತ್ತಲ್ಲ, ಮೂಳೆ ಡಾಕ್ಟರ ಹತ್ರ."

"ಹ್ಯಾಂಡ್‌ಬ್ರೇಕ್ ವಿಷಯ ಹೇಳಿದ್ದೀರಾ?"

ಭಾವ ಹಣೆ ಚಚ್ಚಿಕೊಂಡ. ಅಷ್ಟು ಸಾಕಾಗಿತ್ತು.

ಮೂಳೆ ಡಾಕ್ಟರ ಕ್ಲಿನಿಕ್ ಇರುವುದು ಇಳಿಜಾರು ರಸ್ತೆಯ ಮೇಲ್ತುದಿಯಲ್ಲಿ. ಮಂಡಿ ನೋವಿನವರು ಹತ್ತಲಿ ಎಂದು ಅಲ್ಲಿ ಕಟ್ಟಿಸಿದ ಪುಣ್ಯಾತ್ಮ ಯಾರೋ. ಕೆಳತುದಿಯಲ್ಲಿ ಬಸ್ಸು ಲಾರಿಗಳ ದೊಡ್ಡ ರಸ್ತೆ. ಅಕ್ಕ ಯಾವಾಗಲೂ ಕ್ಲಿನಿಕ್ಕಿನ ಎದುರೇ ನಿಲ್ಲಿಸಿ, ಅಮ್ಮನನ್ನು ಗಾಡಿಯಲ್ಲೇ ಕೂರಿಸಿ, ತಾನು ಒಳಗೆ ಹೋಗಿ ಚೀಟಿ ಮಾಡಿಸುತ್ತಾಳೆ. ಗಾಡಿ ನಿಲ್ಲಿಸುವುದನ್ನು ಅವಳಿಗೆ ಕಲಿಸಿದವನು ಇವನೇ. 'ಗೇರಲ್ಲಿ ಬಿಡಬೇಡ ಅಕ್ಕ, ಮರೆತು ಸ್ಟಾರ್ಟ್ ಮಾಡಿದ್ರೆ ಮುಂದಕ್ಕೆ ಹಾರುತ್ತೆ. ನ್ಯೂಟ್ರಲ್ ಮಾಡು, ಹ್ಯಾಂಡ್‌ಬ್ರೇಕ್ ಎಳಿ, ಐದು ಟಿಕ್ ಎಣಿಸು.' ಅವಳು ಎಣಿಸುತ್ತಾಳೆ. ಹನ್ನೊಂದು ವರ್ಷದಿಂದ ಒಂದು ದಿನವೂ ತಪ್ಪಿಸಿಲ್ಲ.

ಭಾವನ ಸ್ಕೂಟರ್ ಕಿತ್ತುಕೊಂಡು ಹೊರಟ. ಹೊರಡುವಾಗ ಫೋನ್ ಮಾಡಿದ, ಅವಳು ಎತ್ತಲಿಲ್ಲ. ಓಡಿಸುವಾಗ ಫೋನ್ ಎತ್ತಬಾರದು ಎಂದು ಕಲಿಸಿದವನೂ ಇವನೇ. ದಾರಿಯುದ್ದಕ್ಕೂ ಅವನ ಕಿವಿಯಲ್ಲಿ ಆ ಐದು ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ದೊಡ್ಡ ರಸ್ತೆಯ ಸಿಗ್ನಲ್ಲಿನಲ್ಲಿ ಸಿಮೆಂಟ್ ಲಾರಿಯೊಂದು ದಾರಿ ಬಿಡದೆ ನಿಂತಾಗ ಅವನಿಗೆ ಅಳುವೇ ಬಂದಂತಾಯಿತು.

ಇಳಿಜಾರಿನ ಬುಡಕ್ಕೆ ಬಂದು ತಲೆಯೆತ್ತಿದ. ಜೀಪು ಮೇಲೆ ನಿಂತಿತ್ತು, ಮೂತಿ ಕೆಳಗೆ ಮಾಡಿ. ಪಕ್ಕದ ಸೀಟಿನಲ್ಲಿ ಅಮ್ಮ. ಮುಂದಿನ ಚಕ್ರ ಯಾವುದೋ ಗುಂಡಿಯ ಅಂಚಿಗೆ ಸಿಕ್ಕಿಕೊಂಡಿರಬೇಕು. ಮೇಸ್ತ್ರಿಗೆ ಉಸಿರು ಬಂತು. ಅಷ್ಟರಲ್ಲಿ ಅಮ್ಮ ಅವನನ್ನು ಕಂಡಳು. ಮಗ ಇಲ್ಲಿಗೇಕೆ ಬಂದ ಎಂದು ಖುಷಿಯಾಗಿ, ಸೀಟಿನಲ್ಲೇ ಮುಂದಕ್ಕೆ ವಾಲಿ ಕೈ ಬೀಸಿದಳು.

ಜೀಪು ಸಣ್ಣಗೆ ಅಲುಗಿತು. ಗುಂಡಿಯಿಂದ ಚಕ್ರ ಹೊರಬಂತು. ಸದ್ದಿಲ್ಲ, ಹೊಗೆಯಿಲ್ಲ. ಬಿಸಿಲಲ್ಲಿ ಮಲಗಿದ್ದ ದನ ಎದ್ದು ಹೊರಟ ಹಾಗೆ ಜೀಪು ನಿಧಾನಕ್ಕೆ ಹೊರಟಿತು. ಅಮ್ಮ ಇನ್ನೂ ಕೈ ಬೀಸುತ್ತಲೇ ಇದ್ದಳು.

ಸ್ಕೂಟರ್ ಎಲ್ಲಿ ಬಿತ್ತೋ ಅವನಿಗೆ ಗೊತ್ತಿಲ್ಲ. ಎದುರಿಗೆ ಓಡಿದ. ಬಾಗಿಲಿಲ್ಲದ ಜೀಪು ಅವನ ಪಕ್ಕ ಬರುವಷ್ಟರಲ್ಲಿ ವೇಗ ಹತ್ತಿತ್ತು. ಕಂಬಿ ಹಿಡಿದ, ಕಾಲು ಜಾರಿತು, ಮಂಡಿ ರಸ್ತೆಗೆ ತಾಗಿ ಚರ್ಮ ಕಿತ್ತುಹೋಯಿತು. ಹೇಗೋ ಮೈಯನ್ನು ಒಳಗೆ ಎಳೆದುಕೊಂಡು ಬ್ರೇಕಿನ ಮೇಲೆ ನಿಂತೇಬಿಟ್ಟ. ಎಂಜಿನ್ ಆಫಾಗಿದ್ದರಿಂದ ಪೆಡಲು ಕಲ್ಲಿನ ಹಾಗಿತ್ತು. ಆದರೆ ಹೊಸ ಡಿಸ್ಕುಗಳು ಕಚ್ಚಿದವು. ದೊಡ್ಡ ರಸ್ತೆಗೆ ಎರಡು ಮಾರು ಇರುವಾಗ ಜೀಪು ನಿಂತಿತು. ಬಸ್ಸೊಂದು ಮೂತಿಯ ಮುಂದೆಯೇ ಹಾದುಹೋಯಿತು.

ಗೇರಿಗೆ ಹಾಕಿ ಪಕ್ಕಕ್ಕೆ ನೋಡಿದ. ಅಮ್ಮನ ಎರಡೂ ಕೈ ಹ್ಯಾಂಡ್‌ಬ್ರೇಕಿನ ಮೇಲಿದ್ದವು. ಮೇಲಕ್ಕೆ ಎಷ್ಟು ಬರುತ್ತದೋ ಅಷ್ಟೂ ಎಳೆದು ಹಿಡಿದಿದ್ದಳು.

"ನೋಡಿದ್ಯಾ? ನಿಲ್ಲಿಸಿಬಿಟ್ಟೆ" ಎಂದಳು. ಮುಖ ಬಿಳುಚಿದ್ದರೂ ದನಿಯಲ್ಲಿ ಹೆಮ್ಮೆಯಿತ್ತು.

ಜನ ಸೇರಿದರು. ಔಷಧಿ ಅಂಗಡಿಯವನು ಚಕ್ರಕ್ಕೆ ಕಲ್ಲು ಕೊಟ್ಟು, "ಹ್ಯಾಂಡ್‌ಬ್ರೇಕ್ ಎಳೀದೆ ಇಳಿದು ಹೋಗಿದ್ದಾರೆ ನೋಡಿ, ಏನು ಡ್ರೈವಿಂಗೋ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಅಕ್ಕ ಚೀಟಿ ಹಿಡಿದುಕೊಂಡೇ ಬರಿಗಾಲಲ್ಲಿ ಓಡಿ ಬಂದಳು. ಅಮ್ಮನ ತಲೆ, ಭುಜ ಎಲ್ಲ ಮುಟ್ಟಿ ನೋಡಿ ಅಳತೊಡಗಿದಳು.

"ಎಣಿಸಿದೆ ಕಣೋ. ಐದೂ ಎಣಿಸಿದೆ. ನಾನೇ ಸರಿಯಾಗಿ ಎಳೀಲಿಲ್ವೇನೋ... ನಿನ್ನ ಹೊಸ ಬ್ರೇಕ್ ಇಲ್ದಿದ್ರೆ ಅಮ್ಮ ಉಳೀತಿರ್ಲಿಲ್ಲ."

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ತಪ್ಪು ತಾನಾಗಿಯೇ ಹೋಗಿ ಅವಳ ತಲೆಯ ಮೇಲೆ ಕೂತಿತ್ತು, ಇಳಿಸುವವರು ಯಾರೂ ಇರಲಿಲ್ಲ. ಮೇಸ್ತ್ರಿ ಜೇಬಿಗೆ ಕೈ ಹಾಕಿದ. ಮಡಿಕೆ ಮುರಿಯದ ಕೆಂಪು ಬಟ್ಟೆ ತೆಗೆದು, ಅಮ್ಮನ ಬೆರಳುಗಳ ಕೆಳಗೆ, ಲಿವರ್‌ಗೆ ಸುತ್ತಿ ಗಂಟು ಹಾಕಿದ.

"ಇದು ಕೈ ಒರೆಸೋ ಬಟ್ಟೆ ಅಲ್ಲ ಅಕ್ಕ. ಈ ಲಿವರ್‌ನ ನಂಬಬೇಡ ಅಂತ ಗುರುತು. ಇದಕ್ಕೆ ಬ್ರೇಕೇ ಇಲ್ಲ, ಕೇಬಲನ್ನ ನಾನೇ ಬಿಚ್ಚಿದ್ದೆ. ಗುರುವಾರದಿಂದ ಗೊತ್ತಿತ್ತು ನಂಗೆ."

ಅಕ್ಕನ ಅಳು ನಿಂತಿತು. ಬಟ್ಟೆಯನ್ನು ನೋಡಿದಳು, ತಾನೇ ಇಸ್ತ್ರಿ ಮಾಡಿದ್ದು.

"ಒಂದು ಫೋನ್ ಮಾಡಕ್ಕಾಗ್ಲಿಲ್ವಾ?"

ಅವಳು ಬಗ್ಗಿ ಅಮ್ಮನ ಬೆರಳುಗಳನ್ನು ಒಂದೊಂದಾಗಿ ಲಿವರ್‌ನಿಂದ ಬಿಡಿಸತೊಡಗಿದಳು.

"ಬಿಡಿಸಬೇಡ ಕಣೇ, ಬಿಟ್ರೆ ಹೋಗಿಬಿಡುತ್ತೆ" ಎಂದಳು ಅಮ್ಮ ಗಾಬರಿಯಿಂದ.

"ಬಿಡಮ್ಮ. ಅದು ಏನನ್ನೂ ಹಿಡ್ಕೊಂಡಿಲ್ಲ. ಇಳಿ, ನಡ್ಕೊಂಡೇ ಹೋಗೋಣ."

ಇಬ್ಬರೂ ಏರು ಹತ್ತತೊಡಗಿದರು. ಅಮ್ಮ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ಅಕ್ಕ ಒಂದು ಸಲವೂ ತಿರುಗಿ ನೋಡಲಿಲ್ಲ. ಮೇಸ್ತ್ರಿ ಅಲ್ಲೇ ಕೂತಿದ್ದ. ಗಾಡಿ ಗೇರಿನಲ್ಲಿತ್ತು, ಚಕ್ರಕ್ಕೆ ಕಲ್ಲೂ ಇತ್ತು. ಆದರೂ ಬ್ರೇಕಿನ ಮೇಲಿಂದ ಕಾಲು ತೆಗೆಯಲು ಅವನಿಗೆ ಧೈರ್ಯ ಬರಲಿಲ್ಲ.