ಹಾರಿಸಿದ ರಂಗಸೂಚನೆ

ರಾಮಕೃಷ್ಣನಗರದ ನಮ್ಮ ನಾಟಕ ಶಾಲೆಯಲ್ಲಿ ವಿದ್ಯಾರ್ಥಿಗಳ ಹೊಸ ನಾಟಕಗಳನ್ನು ಕುರ್ಚಿಯಲ್ಲಿ ಕೂತು ಓದುತ್ತೇವೆ. ಯಾರು ಬಂದರು, ಯಾರು ಹೋದರು ಎಂಬ ರಂಗಸೂಚನೆಗಳನ್ನೂ ಒಬ್ಬರು ಗಟ್ಟಿಯಾಗಿ ಓದಬೇಕು. ಆ ಸಂಜೆ ನನ್ನ ನಾಟಕಕ್ಕೆ ಸೂಚನೆ ಓದಿದವಳು ಧರಣಿ. ಮಗನ ಪಾತ್ರವನ್ನು ಯೋಗೇಂದ್ರ ಮೇಷ್ಟ್ರೇ ಓದಿದರು. ಆ ಮಗನ ಸತ್ತ ತಾಯಿಯ ಪಾತ್ರಕ್ಕೆ ಮಾತಿಲ್ಲದ್ದರಿಂದ ಅವಳಿಗೊಂದು ಖಾಲಿ ಕುರ್ಚಿ ಇಟ್ಟಿದ್ದೆವು.

"ಸತ್ತ ತಾಯಿ ಬಂದು ಕೂರುತ್ತಾಳೆ," ಎಂದು ಧರಣಿ ಓದಿದಳು.

ಕೊನೆಯ ಪುಟಕ್ಕೆ ಬಂದಾಗ ಮೇಷ್ಟ್ರು ಗಡಿಯಾರ ನೋಡಿದರು. "ಸೂಚನೆ ಸಾಕು ಕಣಮ್ಮ, ಹಾರಿಸ್ಬುಡು. ನಾಟಕ ಮಾತಲ್ಲಿರ್ಬೇಕು."

ನಾನು ತಿದ್ದಿ ತಿದ್ದಿ ಬರೆದ ಸಾಲುಗಳು! ಮೈಯೆಲ್ಲ ಉರಿಯಿತು. ಧರಣಿ ಹಾರಿಸಿದಳು. ಚಪ್ಪಾಳೆ ಬಿತ್ತು.

ಆಮೇಲೆ ಕುರ್ಚಿಗಳನ್ನು ಎತ್ತಿಡುವಾಗ ಆ ಖಾಲಿ ಕುರ್ಚಿ ಮಾತ್ರ ಮೇಷ್ಟ್ರ ಕೈಗೆ ಏಳಲಿಲ್ಲ. ಬರೀ ಪ್ಲಾಸ್ಟಿಕ್ ಕುರ್ಚಿ. ನಾವೆಲ್ಲ ಸೇರಿ ಹಿಡಿದರೂ ಕದಲಲಿಲ್ಲ.

"ಅವ್ರನ್ನ ನಾವು ಕಳಿಸೇ ಇಲ್ವಲ್ಲೇ," ಎಂದಳು ಧರಣಿ. ಕೊನೆಯ ಪುಟ ತೆರೆದು ಹಾರಿಸಿದ್ದನ್ನು ಓದಿದಳು: "ತಾಯಿ ಎದ್ದು ಹೊರಡುತ್ತಾಳೆ."

ಕುರ್ಚಿ ಹಗುರವಾಗಿ ಮೇಲೆ ಬಂತು. ಆದರೆ ನಾನು ಸಾಕು ಎನ್ನುವಷ್ಟರಲ್ಲಿ ಅವಳು ಮುಂದಿನ ಸಾಲನ್ನೂ ಓದಿಬಿಟ್ಟಿದ್ದಳು: "ಮಗ ಅವಳ ಹಿಂದೆಯೇ ಹೋಗುತ್ತಾನೆ."

ಮೇಷ್ಟ್ರು ಕುರ್ಚಿಯನ್ನು ಕೆಳಗಿಟ್ಟು, ಚಪ್ಪಲಿಯನ್ನೂ ಮೆಟ್ಟದೆ ಬಾಗಿಲ ಕಡೆ ನಡೆದರು.