ಕೊಟ್ಟಿಗೆಗೆ ಮೊದಲ ಸರತಿ

ಹತ್ತೂವರೆಗೆ ಡೆಮೊ ಕ್ಲಾಸು. ಹತ್ತು ಗಂಟೆಗೆ ನಾನು ಮೂರನೇ ಸಲ ಜಡೆ ಬಿಚ್ಚಿ ಹೆಣೆಯುತ್ತಿದ್ದೆ.

ಕೋಲಾರದ ಒಂದು ಟ್ಯೂಷನ್ ಸೆಂಟರಿಗೆ ಆರನೇ ಕ್ಲಾಸಿನ ಮಕ್ಕಳಿಗೆ ಆನ್‌ಲೈನಿನಲ್ಲಿ ಲೆಕ್ಕ ಹೇಳಿಕೊಡುವವರು ಬೇಕಿತ್ತು. ಕಾಲೇಜು ಬಿಡದೆ ಮನೆಯಿಂದಲೇ ಮಾಡಬಹುದು. ಹೋದ ವಾರ ಭಿನ್ನರಾಶಿ ಶುರು ಮಾಡಿದ ಎರಡೇ ನಿಮಿಷಕ್ಕೆ ನನ್ನ ಮಾತು ತುಂಡುತುಂಡಾಗಿ, ಸೆಂಟರಿನ ಮೇಡಂ ಕಾಲ್ ಮುಗಿಸಿಬಿಟ್ಟಿದ್ದರು. ಇವತ್ತೂ ಧ್ವನಿ ಕಡಿದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಮೆಸೇಜು ಹಾಕಿದ್ದರು.

ಕಾರಣ ನಮ್ಮ ಹಸು. ಗೌರಿಗೆ ದಿನ ತುಂಬಿತ್ತು. ಹೋದ ಸಲ ಕರು ಅಡ್ಡ ಬಂದು ಸತ್ತಿತ್ತು, ಯಾರೂ ನೋಡಿರಲಿಲ್ಲ. ಅದಕ್ಕೇ ಬಂಗಾರಪೇಟೆಯಿಂದ ದಿನಾ ಟ್ರೈನಿನಲ್ಲಿ ಕೆಲಸಕ್ಕೆ ಹೋಗುವ ಅಪ್ಪ, ಕೊಟ್ಟಿಗೆಯ ಕಂಬಕ್ಕೆ ಹಳೇ ಫೋನೊಂದನ್ನು ಕಟ್ಟಿ ಕ್ಯಾಮೆರಾ ಮಾಡಿದ್ದ. ಕೆಲಸದಲ್ಲೂ ಕೂತಲ್ಲಿ ನಿಂತಲ್ಲಿ ತನ್ನ ಫೋನಿನಲ್ಲಿ ಅದನ್ನೇ ನೋಡುತ್ತಿದ್ದ.

ಬ್ರಾಡ್‌ಬ್ಯಾಂಡ್ ಹಾಕಿಕೊಟ್ಟ ಉರಿಗಾಂನ ಸುಬ್ರಮಣಿ ಅಣ್ಣ ಬಿಡಿಸಿ ಹೇಳಿದ್ದ. ಒಳಗೆ ಬರುವ ದಾರಿ ದೊಡ್ಡದು, ಮನೆಯಿಂದ ಹೊರಗೆ ಹೋಗುವ ದಾರಿ ಸಣ್ಣದು. ಕೊಟ್ಟಿಗೆಯ ವಿಡಿಯೊ ಅದನ್ನು ತುಂಬಿಕೊಂಡರೆ ನನ್ನ ಮಾತು ಹಿಂದೆ ಸಾಲಿನಲ್ಲಿ ನಿಲ್ಲುತ್ತದೆ, ಬಂಗಾರಪೇಟೆ ಸ್ಟೇಷನ್ನಿನಲ್ಲಿ ಒಂದೇ ಕೌಂಟರ್ ತೆರೆದ ಹಾಗೆ. ರೂಟರಿನ ಸೆಟ್ಟಿಂಗಿಗೆ ಹೋಗಿ ಆ ಹೊರದಾರಿಯನ್ನು, ಅಂದರೆ ಅಪ್‌ಲೋಡನ್ನು, ಪೂರ್ತಿಗಿಂತ ಸ್ವಲ್ಪ ಕಡಿಮೆಗೆ ಕಟ್ಟಿಹಾಕು, ಆಮೇಲೆ ಯಾವ ಫೋನು ಮುಂದೆ, ಯಾವುದು ಹಿಂದೆ ಅಂತ ಸರತಿ ಕೊಡು ಅಂದಿದ್ದ.

ನಿನ್ನೆ ಸಂಜೆಯೇ ಕುಣಿದುಕೊಂಡು ಮಾಡಿದ್ದೆ. ಲಿಸ್ಟಿನಲ್ಲಿ ‘ಪುಷ್ಪ’ ಎಂದು ನನ್ನ ಹೆಸರು ಕಂಡಿತು, ಮೊದಲ ಸರತಿ ಕೊಟ್ಟೆ. ‘ನಂದಕುಮಾರ್’, ಅಂದರೆ ಅಪ್ಪ, ಕೊನೆಗೆ. ಹಗಲು ಹೇಗೂ ಮನೆಯಲ್ಲಿರುವುದಿಲ್ಲ.

ಈಗ ಗೆಳತಿ ಶ್ರೀದೇವಿಗೆ ಕಾಲ್ ಮಾಡಿ ನೋಡಿದರೆ ಮೊದಲಿಗಿಂತ ಹಾಳಾಗಿತ್ತು. ಮಾತು ಹೋಗಿ ಬರುವ ಹೊತ್ತು ಅಳೆಯುವ ಪಿಂಗ್ ಮೂವತ್ತು ಇರಬೇಕಾದಲ್ಲಿ ಒಂಬೈನೂರು. ರೂಟರ್ ಆಫ್ ಮಾಡಿ ಆನ್ ಮಾಡಿದೆ. ಅದೇ ಒಂಬೈನೂರು. ಸುಬ್ರಮಣಿ ಅಣ್ಣ ಫೋನ್ ಎತ್ತಲಿಲ್ಲ. ಗಂಟೆ ಹತ್ತು ಹದಿನೈದು. ಕ್ಯಾಮೆರಾ ಕಿತ್ತೇ ಬಿಡೋಣ ಎಂದು ಕೊಟ್ಟಿಗೆಗೆ ಓಡಿದೆ.

ಕದಿರಮ್ಮಜ್ಜಿ ಗೌರಿಯ ಪಕ್ಕ ಕೂತಿದ್ದಳು. ನಾನು ಕಂಬಕ್ಕೆ ಕೈ ಹಾಕಿದ್ದೇ ತಡ, ತಡೆದಳು.

“ಮುಟ್ಬ್ಯಾಡ ಕಣೇ. ನೀರ್ಚೀಲ ಕಾಣ್ತೈತೆ. ಡಾಕ್ಟ್ರನ್ನ ಯಾವಾಗ ಕರೀಬೇಕು ಅಂತ ನಿಮ್ಮಪ್ಪ ನೋಡ್ಕಂಡು ಏಳ್ತಾನೆ.”

“ಅರ್ಧ ಗಂಟೆ ಅಜ್ಜೀ, ಅಷ್ಟೇ.”

“ಅರ್ಧ ಗಂಟೆ ತಡ್ಕೋ ಅಂತ ಗೌರಿಗೇ ಏಳು.”

ಹಗ್ಗ ಬಿಟ್ಟೆ. ಆಗ ಫೋನಿನ ಬೆನ್ನು ಕಂಡಿತು. ಮಿಣುಗುವ ಚಿಟ್ಟೆ ಸ್ಟಿಕ್ಕರು, ಅರ್ಧ ಕಿತ್ತಿದ್ದು. ನಾನು ಪಿಯುಸಿಯಲ್ಲಿ ಅಂಟಿಸಿದ್ದು.

ನಮ್ಮ ಮನೆಯಲ್ಲಿ ಹೊಸ ಫೋನು ಬರುವುದು ಅಪ್ಪನಿಗೆ ಮಾತ್ರ. ಅಪ್ಪನದು ನನಗೆ, ನನ್ನದು ಅಜ್ಜಿಗೆ, ಅಜ್ಜಿ ಬೇಡ ಅಂದರೆ ಕಂಬಕ್ಕೆ. ಫೋನಿಗಿಟ್ಟ ಹೆಸರು ಯಾರೂ ಬದಲಾಯಿಸುವುದಿಲ್ಲ. ಲಿಸ್ಟಿನಲ್ಲಿದ್ದ ‘ಪುಷ್ಪ’ ಕೊಟ್ಟಿಗೆಯ ಕಂಬದ ಮೇಲಿತ್ತು. ‘ನಂದಕುಮಾರ್’ ನನ್ನ ಕೈಯಲ್ಲಿತ್ತು. ಹಸುವಿಗೆ ಮೊದಲ ಸರತಿ ಕೊಟ್ಟು ನನ್ನನ್ನು ನಾನೇ ಕೊನೆಗೆ ನೂಕಿಕೊಂಡಿದ್ದೆ.

ಮನೆಯೊಳಗೆ ಓಡಿ ರೂಟರಿನ ಸೆಟ್ಟಿಂಗು ತೆರೆದೆ, ಅವಸರಕ್ಕೆ ಪಾಸ್‌ವರ್ಡ್ ಎರಡು ಸಲ ತಪ್ಪಿತು. ಎರಡೂ ಹೆಸರಿನ ಸರತಿ ಅದಲುಬದಲು ಮಾಡಿದೆ. ‘ಪುಷ್ಪ’ಳಿಗೆ ಸೊನ್ನೆ ಹಾಕಲು ಹೋಗಿ, ಗೌರಿಯ ಮುಖ ನೆನಪಾಗಿ ಅಪ್‌ಲೋಡಿನ ಹತ್ತರಲ್ಲಿ ಎರಡು ಪಾಲು ಬಿಟ್ಟೆ. ಹತ್ತು ಇಪ್ಪತ್ತಾರಕ್ಕೆ ಅಪ್ಪನ ಫೋನು.

“ಏನ್ಲೇ ಇದು, ಗೌರಿ ಮಸಿ ಬಟ್ಟೆ ತರ ಕಾಣ್ತಾವ್ಳೆ?”

“ಕರುವಿನ ಕಾಲು ಬಂದ್ರೆ ಗೊತ್ತಾಯ್ತದಾ ಅಪ್ಪಾ?”

“ಗೊತ್ತಾಯ್ತದೆ.”

“ಅರ್ಧ ಗಂಟೆ ಅಂಗೇ ನೋಡ್ಕೋ. ನನ್ ಕ್ಲಾಸು.”

“ಮಾಡ್ಕೋ ಓಗು. ನಾನ್ ಕಣ್ ಮುಚ್ಚಲ್ಲ.”

ಪಿಂಗ್ ಮೂವತ್ತೈದು. ಸ್ಕ್ರೀನಿನಲ್ಲಿ ಮೇಡಂ ಬಂದರು. ಬರೆದಿಟ್ಟುಕೊಂಡಿದ್ದ ರೊಟ್ಟಿಯ ಉದಾಹರಣೆ ಮರೆತೇ ಹೋಯಿತು. ಒಂದು ಪೈಪು, ಹತ್ತು ಪಾಲು, ಎಂಟು ನನಗೆ, ಎರಡು ನಮ್ಮ ಹಸುವಿಗೆ ಎಂದು ಶುರು ಮಾಡಿದೆ. ಲೆಕ್ಕ ಬಿಡಿಸುತ್ತಾ ಅರ್ಧ ಗಂಟೆ ಕಳೆದು, ಹತ್ತರಲ್ಲಿ ಎರಡು ಐದರಲ್ಲಿ ಒಂದು ಹೇಗಾಯಿತು ಎಂದು ಕೊನೆಯ ಸಲ ಹೇಳುವಷ್ಟರಲ್ಲಿ ಕೊಟ್ಟಿಗೆಯಿಂದ ಅಜ್ಜಿಯ ಕೂಗು ಬಂತು.

“ಎಣ್ಣು ಕರು ಕಣೇ! ಆಗ್ಲೇ ತಲೆ ಎತ್ತೈತೆ!”

ಲೆಕ್ಕ ಅರ್ಧಕ್ಕೇ ಬಿಟ್ಟು ಕೊಟ್ಟಿಗೆಯ ಕಡೆ ತಿರುಗಿದೆ. ಮೇಡಂ ಏನದು ಎಂದು ಕೇಳಿದರು. ಕರು ಅಂದೆ.

“ಅಷ್ಟು ದೂರದ ಕೂಗೂ ಸ್ಪಷ್ಟವಾಗಿ ಕೇಳಿಸ್ತಲ್ಲ,” ಅಂದರು. “ಸೋಮವಾರದಿಂದ ಶುರು ಮಾಡಿ.”

ಕಾಲ್ ಕಟ್ ಮಾಡಿ, ಕೊಟ್ಟಿಗೆಗೆ ಓಡುವ ಮೊದಲು, ಹತ್ತೂ ಪಾಲು ಗೌರಿಗೆ ಬಿಟ್ಟೆ. ಅಪ್ಪ ಕರುವನ್ನು ಸರಿಯಾಗಿ ನೋಡಲಿ.